ಎರಡು ಟೇಬಲ್‌ಗಳ ದಾಖಲೆಗಳನ್ನು ಹೊಂದಿಸುವ ಜಾಯಿನ್: ಪದೇ ಪದೇ ಕೇಳುವ ಪ್ರಶ್ನೆಗಳು

ಕೋಲಾರ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳ ಹಾಲು ಉತ್ಪಾದಕರ ಸಂಘಗಳಲ್ಲಿ ಲೆಕ್ಕ ನೋಡಿಕೊಳ್ಳುವವರು, ರೇಷ್ಮೆಗೂಡು ಮತ್ತು ಟೊಮೆಟೊ ವಹಿವಾಟಿನ ದಾಖಲೆ ಇಡುವವರು, ಡಿಗ್ರಿ ಕಾಲೇಜುಗಳಲ್ಲಿ ಡೇಟಾಬೇಸ್ ಓದುತ್ತಿರುವವರು ಮಾತಿನ ನಡುವೆ ಮತ್ತು ಪತ್ರಗಳಲ್ಲಿ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಲಾಗಿದೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಉಳಿಸಿಕೊಂಡಿದ್ದೇನೆ. ಡೇಟಾಬೇಸ್‌ಗೆ ಪ್ರಶ್ನೆ ಕೇಳುವ ಭಾಷೆಯಾದ ಎಸ್‌ಕ್ಯೂಎಲ್‌ನ ಆದೇಶಗಳನ್ನು (ಕ್ವೆರಿಗಳನ್ನು) ಓದುವ ಅನುಕೂಲಕ್ಕೆ ಕನ್ನಡ ಲಿಪಿಯಲ್ಲಿ ಬರೆದಿದೆ. ಕಂಪ್ಯೂಟರಿಗೆ ಕೊಡುವಾಗ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು. ಹೆಚ್ಚಿನ ಉದಾಹರಣೆಗಳಿಗೆ ಒಂದು ಹಳ್ಳಿ ಡೇರಿಯ ಈ ಎರಡು ಚಿಕ್ಕ ಟೇಬಲ್‌ಗಳೇ ಆಧಾರ. ಅಂಕಿಗಳು ವಿವರಣೆಗಾಗಿ ಮಾಡಿಕೊಂಡವು.

ಟೇಬಲ್: ಸದಸ್ಯರು

| ಸಂಖ್ಯೆ | ಸೇರಿದ ವರ್ಷ |
|---|---|
| 101 | 2009 |
| 102 | 2014 |
| 103 | 2019 |

ಟೇಬಲ್: ಹಾಲು

| ಸದಸ್ಯ_ಸಂಖ್ಯೆ | ಹೊತ್ತು | ಲೀಟರ್ |
|---|---|---|
| 101 | ಬೆಳಗ್ಗೆ | 8 |
| 101 | ಸಂಜೆ | 6 |
| 102 | ಬೆಳಗ್ಗೆ | 5 |
| 109 | ಬೆಳಗ್ಗೆ | 4 |

## ಮೊದಲ ಹಂತ

ಎಲ್ಲಾನೂ ಒಂದೇ ಟೇಬಲ್‌ನಲ್ಲಿ ಇಟ್ಟುಬಿಟ್ಟರೆ ಜಾಯಿನ್ ಗೋಜೇ ಇರಲ್ಲವಲ್ಲ, ಎರಡು ಯಾಕೆ ಮಾಡಬೇಕು?

ಒಬ್ಬ ಸದಸ್ಯರು ದಿನಕ್ಕೆ ಎರಡು ಹೊತ್ತು ಹಾಲು ಹಾಕಿದರೆ ತಿಂಗಳಿಗೆ ಸುಮಾರು 60 ಸಾಲುಗಳಾಗುತ್ತವೆ. ಎಲ್ಲವೂ ಒಂದೇ ಟೇಬಲ್‌ನಲ್ಲಿದ್ದರೆ ಅವರ ಹೆಸರು, ಬ್ಯಾಂಕ್ ಖಾತೆ, ಮೊಬೈಲ್ ನಂಬರ್ ಆ 60 ಸಾಲುಗಳಲ್ಲೂ ಮತ್ತೆ ಮತ್ತೆ ಬರುತ್ತವೆ. ಖಾತೆ ಬದಲಾದ ದಿನ 40 ಸಾಲುಗಳನ್ನು ತಿದ್ದಿ 20 ಸಾಲುಗಳನ್ನು ಬಿಟ್ಟರೆ, ಯಾವ ಖಾತೆ ಸರಿಯಾದದ್ದು ಎಂದು ಹೇಳಲು ಆ ದಾಖಲೆಯಿಂದಲೇ ಸಾಧ್ಯವಾಗುವುದಿಲ್ಲ. ಬಟವಾಡೆಯ ದಿನ ಹಣ ಎಲ್ಲಿಗೆ ಹೋಗಬೇಕೆಂಬುದೇ ಗೊಂದಲವಾಗುತ್ತದೆ. ಇನ್ನೂ ಹಾಲು ಹಾಕಲು ಶುರು ಮಾಡದ ಹೊಸ ಸದಸ್ಯರನ್ನು ಬರೆಯಲು ಅಲ್ಲಿ ಜಾಗವೂ ಇರುವುದಿಲ್ಲ. ಐಬಿಎಂನಲ್ಲಿದ್ದ ಎಡ್ಗರ್ ಕಾಡ್ ಅವರು 1970ರಲ್ಲಿ ಮುಂದಿಟ್ಟ ರಿಲೇಷನಲ್ ಮಾದರಿಯಲ್ಲಿ ದತ್ತಾಂಶವೆಲ್ಲ ಟೇಬಲ್‌ಗಳಲ್ಲಿರುತ್ತದೆ, ಒಂದರ ಸಾಲಿಗೂ ಇನ್ನೊಂದರ ಸಾಲಿಗೂ ಇರುವ ಸಂಬಂಧವನ್ನು ಎರಡರಲ್ಲೂ ಇರುವ ಬೆಲೆಯೇ ತೋರಿಸುತ್ತದೆ. ಇಲ್ಲಿ ಆ ಬೆಲೆ ಸದಸ್ಯ ಸಂಖ್ಯೆ.

ಜಾಯಿನ್ ಅಂತ ಬರೆದಾಗ ಒಳಗೆ ನಿಜವಾಗಿ ಏನಾಗುತ್ತೆ?

ಮೊದಲ ಟೇಬಲ್‌ನ ಪ್ರತಿಯೊಂದು ಸಾಲನ್ನೂ ಎರಡನೆಯ ಟೇಬಲ್‌ನ ಪ್ರತಿಯೊಂದು ಸಾಲಿನ ಪಕ್ಕ ಇಟ್ಟು, ನೀವು ಕೊಟ್ಟ ಷರತ್ತು ನಿಜವಾಗುವ ಜೋಡಿಗಳನ್ನು ಮಾತ್ರ ಉಳಿಸಿಕೊಳ್ಳುವುದು ಜಾಯಿನ್‌ನ ಅರ್ಥ. ಮೇಲಿನ 3 ಸದಸ್ಯರು ಮತ್ತು 4 ಹಾಲಿನ ಸಾಲುಗಳಿಂದ 12 ಜೋಡಿಗಳಾಗುತ್ತವೆ; ಅವುಗಳಲ್ಲಿ ಸಂಖ್ಯೆ ಹೊಂದುವವು ಮೂರೇ.

```
ಸೆಲೆಕ್ಟ್ ಸದಸ್ಯರು.ಸಂಖ್ಯೆ, ಹಾಲು.ಹೊತ್ತು, ಹಾಲು.ಲೀಟರ್
ಫ್ರಮ್ ಸದಸ್ಯರು
ಇನ್ನರ್ ಜಾಯಿನ್ ಹಾಲು
ಆನ್ ಸದಸ್ಯರು.ಸಂಖ್ಯೆ = ಹಾಲು.ಸದಸ್ಯ_ಸಂಖ್ಯೆ
```

ಉತ್ತರದಲ್ಲಿ 101 ಎರಡು ಸಲ, 102 ಒಂದು ಸಲ ಬರುತ್ತದೆ. 101 ಎರಡು ಸಲ ಬಂದಿರುವುದು ತಪ್ಪಲ್ಲ, ಏಕೆಂದರೆ ಉತ್ತರದ ಒಂದು ಸಾಲು ಒಂದು ಹೊಂದಾಣಿಕೆಯನ್ನು ಹೇಳುತ್ತದೆಯೇ ಹೊರತು ಒಬ್ಬ ಸದಸ್ಯರನ್ನಲ್ಲ. ಮುಂದೆ ಬರುವ ತೊಡಕುಗಳಲ್ಲಿ ಹೆಚ್ಚಿನವು ಇದೊಂದನ್ನು ಮರೆಯುವುದರಿಂದಲೇ ಹುಟ್ಟುತ್ತವೆ. ಆದ್ದರಿಂದ ಜಾಯಿನ್ ಬರೆಯುವ ಮೊದಲು, ಈ ಟೇಬಲ್‌ನ ಒಂದು ಸಾಲಿಗೆ ಆ ಟೇಬಲ್‌ನಲ್ಲಿ ಎಷ್ಟು ಸಾಲುಗಳು ಹೊಂದಬಹುದು ಎಂಬುದನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ ಎಂದು ಕೇಳಿದವರಿಗೆಲ್ಲ ಹೇಳುತ್ತೇನೆ.

ನಮ್ಮ ಹಳೇ ಪ್ರೋಗ್ರಾಂನಲ್ಲಿ ಜಾಯಿನ್ ಅನ್ನೋ ಪದವೇ ಇಲ್ಲ, ಕಾಮಾ ಹಾಕಿ ವೇರ್‌ನಲ್ಲಿ ಬರೆದಿದ್ದಾರೆ. ಅದು ತಪ್ಪಾ?

ತಪ್ಪಲ್ಲ. ಜಾಯಿನ್ ಮತ್ತು ಆನ್ ಎಂದು ಬಿಡಿಸಿ ಬರೆಯುವ ಕ್ರಮ 1992ರ ಎಸ್‌ಕ್ಯೂಎಲ್ ಮಾನಕದಲ್ಲಿ ಸೇರಿತು. ಅದಕ್ಕೂ ಮೊದಲು ಟೇಬಲ್‌ಗಳನ್ನು ಕಾಮಾ ಹಾಕಿ ಹೆಸರಿಸಿ, ಷರತ್ತನ್ನು ವೇರ್‌ನಲ್ಲಿ ಬರೆಯುತ್ತಿದ್ದರು. ಇನ್ನರ್ ಜಾಯಿನ್‌ನ ಮಟ್ಟಿಗೆ ಎರಡೂ ಒಂದೇ ಉತ್ತರ ಕೊಡುತ್ತವೆ. ಆದರೂ ಹೊಸದಾಗಿ ಬರೆಯುವಾಗ ಆನ್ ಬಳಸುವುದೇ ಲೇಸು. ಹಳೆಯ ಕ್ರಮದಲ್ಲಿ ಷರತ್ತು ಮರೆತುಹೋದರೆ ಯಾವ ಎಚ್ಚರಿಕೆಯೂ ಬರುವುದಿಲ್ಲ: 300 ಸದಸ್ಯರು ಮತ್ತು ತಿಂಗಳ 18,000 ಹಾಲಿನ ಸಾಲುಗಳಿದ್ದರೆ 54 ಲಕ್ಷ ಅರ್ಥವಿಲ್ಲದ ಜೋಡಿಗಳು ಉತ್ತರವಾಗಿ ಬರುತ್ತವೆ.

ನ್ಯಾಚುರಲ್ ಜಾಯಿನ್ ಎಂಬ ಮೂರನೆಯ ದಾರಿಯನ್ನು ಯಾರಿಗೂ ಸೂಚಿಸುವುದಿಲ್ಲ. ಅದು ಒಂದೇ ಹೆಸರಿನ ಎಲ್ಲ ಕಾಲಂಗಳನ್ನೂ ತಾನೇ ಹೊಂದಿಸುತ್ತದೆ. ನಾಳೆ ಎರಡೂ ಟೇಬಲ್‌ಗಳಿಗೆ 'ದಿನಾಂಕ' ಎಂಬ ಕಾಲಂ ಸೇರಿಸಿದರೆ, ಕ್ವೆರಿಯ ಒಂದಕ್ಷರವೂ ಬದಲಾಗದೆ ಅದರ ಅರ್ಥ ಬದಲಾಗಿರುತ್ತದೆ.

ಇನ್ನರ್, ಲೆಫ್ಟ್, ರೈಟ್, ಫುಲ್ — ನಾಲ್ಕರಲ್ಲಿ ನನಗೆ ಯಾವುದು ಬೇಕು ಅಂತ ಹೇಗೆ ಗೊತ್ತಾಗೋದು?

ಹೊಂದದೆ ಉಳಿದ ಸಾಲುಗಳನ್ನು ಏನು ಮಾಡಬೇಕು ಎಂಬ ಪ್ರಶ್ನೆಯನ್ನು ನಿಮಗೆ ನೀವೇ ಕೇಳಿಕೊಂಡರೆ ಉತ್ತರ ಸಿಗುತ್ತದೆ. ಅವು ಬೇಡವಾದರೆ ಇನ್ನರ್: ನಮ್ಮ ಉದಾಹರಣೆಯಲ್ಲಿ 3 ಸಾಲುಗಳು. ಹಾಲು ಹಾಕದಿದ್ದರೂ ಸದಸ್ಯರೆಲ್ಲರೂ ಪಟ್ಟಿಯಲ್ಲಿರಬೇಕಾದರೆ ಸದಸ್ಯರ ಟೇಬಲ್ ಅನ್ನು ಎಡಗಡೆ ಇಟ್ಟು ಲೆಫ್ಟ್: 4 ಸಾಲುಗಳು, 103ರ ಮುಂದೆ ಲೀಟರ್ ಜಾಗದಲ್ಲಿ ನಲ್, ಅಂದರೆ ಬೆಲೆ ತಿಳಿದಿಲ್ಲವೆಂಬ ಗುರುತು. ಹಾಕಿದ ಹಾಲೆಲ್ಲವೂ ಲೆಕ್ಕಕ್ಕೆ ಬರಬೇಕು, ಸದಸ್ಯರ ಪಟ್ಟಿಯಲ್ಲಿಲ್ಲದ 109ರದ್ದೂ ಸೇರಿ, ಎಂದಾದರೆ ರೈಟ್: ಇದೂ 4 ಸಾಲುಗಳು. ಎರಡೂ ಕಡೆಯ ಉಳಿಕೆ ಬೇಕಾದರೆ ಫುಲ್: 5 ಸಾಲುಗಳು.

ರೈಟ್ ಜಾಯಿನ್ ಅನ್ನು ಟೇಬಲ್‌ಗಳ ಸ್ಥಾನ ಅದಲುಬದಲು ಮಾಡಿ ಲೆಫ್ಟ್ ಆಗಿಯೇ ಬರೆಯಬಹುದು, ಓದುವವರಿಗೆ ಅದು ಸುಲಭ. ಡೇಟಾಬೇಸ್ ತಂತ್ರಾಂಶಗಳ ಪೈಕಿ ಫುಲ್ ಜಾಯಿನ್ ಪೋಸ್ಟ್‌ಗ್ರೆಸ್‌ನಲ್ಲಿ ಇದೆ, ಮೈಎಸ್‌ಕ್ಯೂಎಲ್‌ನಲ್ಲಿ ಇಲ್ಲ. ಎಸ್‌ಕ್ಯೂಲೈಟ್‌ಗೆ 2022ರ 3.39 ಆವೃತ್ತಿಯಲ್ಲಿ ರೈಟ್ ಮತ್ತು ಫುಲ್ ಎರಡೂ ಬಂದವು. ಇಲ್ಲದ ಕಡೆ ಒಂದು ಲೆಫ್ಟ್ ಜಾಯಿನ್‌ನ ಉತ್ತರಕ್ಕೆ, ಇನ್ನೊಂದು ದಿಕ್ಕಿನಲ್ಲಿ ಹೊಂದದೆ ಉಳಿದ ಸಾಲುಗಳನ್ನಷ್ಟೇ ಯೂನಿಯನ್ ಆಲ್ ಮೂಲಕ ಕೂಡಿಸಬೇಕು.

ಎಕ್ಸೆಲ್‌ನಲ್ಲಿ ವಿ-ಲುಕಪ್ ಹಾಕಿದರೆ ಇದೇ ಕೆಲಸ ಆಗುತ್ತಲ್ಲ?

ಒಂದು ಸಂಖ್ಯೆಗೆ ಒಂದೇ ಸಾಲು ಹೊಂದುವ ಕಡೆ ಆಗುತ್ತದೆ. ವಿ-ಲುಕಪ್ ಮೊದಲು ಸಿಕ್ಕಿದ ಸಾಲನ್ನು ಕೊಟ್ಟು ನಿಲ್ಲುತ್ತದೆ. 101ನ್ನು ಹುಡುಕಿದರೆ ಬೆಳಗಿನ 8 ಲೀಟರ್ ಬರುತ್ತದೆ, ಸಂಜೆಯ 6 ಲೀಟರ್ ಇದೆಯೆಂದೇ ತಿಳಿಯುವುದಿಲ್ಲ. ಜೊತೆಗೆ ಅದರ ಕೊನೆಯ ಅಂಶವನ್ನು ಬಿಟ್ಟರೆ ಸರಿಸುಮಾರು ಹೊಂದಾಣಿಕೆಯನ್ನು ಒಪ್ಪಿಕೊಳ್ಳುತ್ತದೆ. ಬಟವಾಡೆಯ ಲೆಕ್ಕಕ್ಕೆ ಅದನ್ನು ನಂಬಬಾರದು.

## ನಡುವಿನ ಹಂತ

ಈ ತಿಂಗಳು ಹಾಲೇ ಹಾಕದವರ ಪಟ್ಟಿ ಬೇಕು. 'ಇಲ್ಲದಿರೋದನ್ನ' ಹುಡುಕೋದು ಹೇಗೆ?

ಸಂಘದ ಕೆಲಸದಲ್ಲಿ ಹೊಂದುವ ದಾಖಲೆಗಳಷ್ಟೇ ಹೊಂದದವೂ ಮುಖ್ಯ. ಸದಸ್ಯರಲ್ಲಿ ಯಾರು ಹಾಲು ನಿಲ್ಲಿಸಿದ್ದಾರೆ, ಯಾವ ಹಾಲಿಗೆ ಸದಸ್ಯರೇ ಇಲ್ಲ ಎಂಬ ಎರಡು ಪ್ರಶ್ನೆಗಳಿಗೂ ದಾರಿ ಒಂದೇ.

```
ಸೆಲೆಕ್ಟ್ ಸದಸ್ಯರು.ಸಂಖ್ಯೆ ಫ್ರಮ್ ಸದಸ್ಯರು
ವೇರ್ ನಾಟ್ ಎಗ್ಸಿಸ್ಟ್ಸ್
  (ಸೆಲೆಕ್ಟ್ 1 ಫ್ರಮ್ ಹಾಲು
   ವೇರ್ ಹಾಲು.ಸದಸ್ಯ_ಸಂಖ್ಯೆ = ಸದಸ್ಯರು.ಸಂಖ್ಯೆ)
```

ಲೆಫ್ಟ್ ಜಾಯಿನ್ ಮಾಡಿ, ಹಾಲಿನ ಕಡೆಯ ಸದಸ್ಯ ಸಂಖ್ಯೆ 'ಈಸ್ ನಲ್' ಆಗಿರುವ ಸಾಲುಗಳನ್ನು ಆರಿಸಿದರೂ ಇದೇ ಉತ್ತರ ಬರುತ್ತದೆ. 'ನಾಟ್ ಇನ್' ಬಳಸುವವರು ಒಂದು ಅಪಾಯವನ್ನು ತಿಳಿದಿರಬೇಕು. ಹಾಲಿನ ಟೇಬಲ್‌ನಲ್ಲಿ ಒಂದೇ ಒಂದು ಸಾಲಿನ ಸದಸ್ಯ ಸಂಖ್ಯೆ ನಲ್ ಆಗಿದ್ದರೂ ನಾಟ್ ಇನ್ ಒಂದು ಸಾಲನ್ನೂ ಕೊಡುವುದಿಲ್ಲ. 103 ಎಂಬುದು ಆ ತಿಳಿಯದ ಸಂಖ್ಯೆಗೆ ಸಮನಲ್ಲ ಎಂದು ಖಚಿತವಾಗಿ ಹೇಳಲು ಡೇಟಾಬೇಸ್‌ಗೆ ಆಗುವುದಿಲ್ಲ. ಖಚಿತವಲ್ಲದ ಸಾಲನ್ನು ವೇರ್ ಬಿಟ್ಟುಬಿಡುತ್ತದೆ. ಖಾಲಿ ಪಟ್ಟಿ ನೋಡಿ ಎಲ್ಲ ಸದಸ್ಯರೂ ಹಾಲು ಹಾಕುತ್ತಿದ್ದಾರೆ ಎಂದು ಸಭೆಗೆ ವರದಿ ಕೊಡುವ ಸಂಭವವಿದೆ. ನಾಟ್ ಎಗ್ಸಿಸ್ಟ್ಸ್‌ನಲ್ಲಿ ಈ ತೊಂದರೆ ಇಲ್ಲ.

ಲೆಫ್ಟ್ ಜಾಯಿನ್ನೇ ಹಾಕಿದ್ದೀನಿ. ಆದರೂ ಸಂಜೆ ಹಾಲು ಹಾಕದವರು ಪಟ್ಟಿಯಿಂದ ಮಾಯವಾಗ್ತಾರೆ, ಯಾಕೆ?

ಹೊತ್ತು 'ಸಂಜೆ' ಆಗಿರಬೇಕೆಂಬ ಷರತ್ತನ್ನು ವೇರ್‌ನಲ್ಲಿ ಬರೆದಿರುತ್ತೀರಿ. ಲೆಫ್ಟ್ ಜಾಯಿನ್ ಮೊದಲು ಎಲ್ಲ ಸದಸ್ಯರನ್ನೂ ಉಳಿಸಿಕೊಂಡು ಹಾಲಿಲ್ಲದವರ ಮುಂದೆ ನಲ್ ಇಡುತ್ತದೆ, ಆಮೇಲೆ ವೇರ್ ಬಂದು ಹೊತ್ತು ಸಂಜೆಯಲ್ಲದ ಸಾಲುಗಳನ್ನೆಲ್ಲ ತೆಗೆದುಹಾಕುತ್ತದೆ. ನಲ್ ಇರುವ 103 ಮಾತ್ರವಲ್ಲ, ಬೆಳಗ್ಗೆ ಮಾತ್ರ ಹಾಕಿದ 102 ಕೂಡ ಹೋಗುತ್ತದೆ. ಆ ಷರತ್ತನ್ನು ಆನ್‌ನ ಮುಂದುವರಿಕೆಯಾಗಿ, 'ಆ್ಯಂಡ್ ಹಾಲು.ಹೊತ್ತು = ಸಂಜೆ' ಎಂದು ಬರೆದರೆ ಮೂವರೂ ಉಳಿಯುತ್ತಾರೆ. ಬಲಗಡೆಯ ಟೇಬಲ್‌ನ ಸಾಲುಗಳನ್ನು ಆರಿಸುವ ಷರತ್ತು ಆನ್‌ನಲ್ಲಿರಬೇಕು, ಎಡಗಡೆಯದನ್ನು ಸೋಸುವ ಷರತ್ತು ವೇರ್‌ನಲ್ಲಿರಬೇಕು.

ಪಶು ಆಹಾರದ ಟೇಬಲ್ ಸೇರಿಸಿದ ತಕ್ಷಣ ಹಾಲಿನ ಲೀಟರೇ ಜಾಸ್ತಿ ಆಗಿಬಿಟ್ಟಿದೆ. ಡಿಸ್ಟಿಂಕ್ಟ್ ಹಾಕಿದರೆ ಸರಿಹೋಗುತ್ತಾ?

ಸರಿಹೋಗುವುದಿಲ್ಲ. ಕೇಳಿದ ಪ್ರಶ್ನೆಗಳಲ್ಲಿ ಹಣಕ್ಕೆ ನೇರವಾಗಿ ಕುತ್ತು ತರುವುದು ಇದೇ ಆದ್ದರಿಂದ ಸ್ವಲ್ಪ ವಿಸ್ತಾರವಾಗಿ ನೋಡೋಣ.

101ನೇ ಸದಸ್ಯರು ಎರಡು ಹೊತ್ತಿಗೆ 8 ಮತ್ತು 6, ಒಟ್ಟು 14 ಲೀಟರ್ ಹಾಕಿದ್ದಾರೆ. ಅವರು ಪಶು ಆಹಾರದ ಮೂಟೆಯನ್ನು ಮೂರು ಸಲ, ಪ್ರತಿ ಸಲ 1,200 ರೂಪಾಯಿಗೆ ತೆಗೆದುಕೊಂಡಿದ್ದಾರೆ ಎಂದುಕೊಳ್ಳಿ. ಕಡಿತವಾಗಬೇಕಾದ್ದು 3,600 ರೂಪಾಯಿ. ಸದಸ್ಯರ ಟೇಬಲ್‌ಗೆ ಹಾಲನ್ನೂ ಪಶು ಆಹಾರವನ್ನೂ ಒಂದರ ಹಿಂದೆ ಒಂದು ಜಾಯಿನ್ ಮಾಡಿದರೆ, ಹಾಲಿನ 2 ಸಾಲುಗಳಲ್ಲಿ ಪ್ರತಿಯೊಂದೂ ಆಹಾರದ 3 ಸಾಲುಗಳ ಜೊತೆ ಜೋಡಿಯಾಗಿ 6 ಸಾಲುಗಳಾಗುತ್ತವೆ. ಕೂಡಿದರೆ ಹಾಲು 42 ಲೀಟರ್, ಕಡಿತ 7,200 ರೂಪಾಯಿ. ಹಾಲಿಗೂ ಮೂಟೆಗೂ ನೇರ ಸಂಬಂಧವಿಲ್ಲ. ಸದಸ್ಯ ಸಂಖ್ಯೆಯೊಂದೇ ನಡುವಿನ ಕೊಂಡಿಯಾದ್ದರಿಂದ ಎಲ್ಲವೂ ಎಲ್ಲದರ ಜೊತೆ ಸೇರಿಕೊಳ್ಳುತ್ತವೆ.

ಮತ್ತೆ ಮತ್ತೆ ಬಂದ ಬೆಲೆಯನ್ನು ಒಂದೇ ಸಲ ಹಿಡಿಯುವ ಡಿಸ್ಟಿಂಕ್ಟ್ ಅನ್ನು ಮೊತ್ತದೊಳಗೆ ಹಾಕಿದರೆ 8 ಮತ್ತು 6 ಬೇರೆ ಬೇರೆ ಆಗಿರುವುದರಿಂದ ಹಾಲು 14 ಎಂದೇ ಬರುತ್ತದೆ, ನೋಡಿದವರಿಗೆ ಸಮಾಧಾನವೂ ಆಗುತ್ತದೆ. ಆದರೆ ಆಹಾರದ ಮೂರೂ ಮೊತ್ತಗಳು 1,200 ಆಗಿರುವುದರಿಂದ ಅವು ಒಂದಾಗಿ, ಕಡಿತ 1,200 ರೂಪಾಯಿಗೆ ಇಳಿಯುತ್ತದೆ. ನಾಳೆ ಎರಡೂ ಹೊತ್ತು 7 ಲೀಟರ್ ಹಾಕಿದ ಸದಸ್ಯರಿಗೆ ಅರ್ಧ ಹಾಲಿನ ಹಣವೇ ಹೋಗುತ್ತದೆ. ತಪ್ಪು ಕೆಲವರ ಲೆಕ್ಕದಲ್ಲಿ ಮಾತ್ರ ಕಾಣಿಸಿಕೊಳ್ಳುವುದರಿಂದ ಅದನ್ನು ಹಿಡಿಯುವುದು ಇನ್ನೂ ಕಷ್ಟ.

ಸರಿಯಾದ ದಾರಿ ಎಂದರೆ ಮೊದಲು ಕೂಡುವುದು, ಆಮೇಲೆ ಹೊಂದಿಸುವುದು. ಹಾಲನ್ನು ಸದಸ್ಯ ಸಂಖ್ಯೆಯ ಮೇಲೆ ಗ್ರೂಪ್ ಬೈ ಮಾಡಿ ಸದಸ್ಯರಿಗೊಂದೇ ಸಾಲು ಬರುವಂತೆ ಮಾಡಿ, ಪಶು ಆಹಾರಕ್ಕೂ ಹಾಗೆಯೇ ಮಾಡಿ, ಆ ಎರಡು ಉತ್ತರಗಳನ್ನು ಸದಸ್ಯರ ಟೇಬಲ್‌ಗೆ ಲೆಫ್ಟ್ ಜಾಯಿನ್ ಮಾಡಬೇಕು. ಆಗ ಅಂತಿಮ ಉತ್ತರದ ಸಾಲುಗಳು ಸದಸ್ಯರ ಟೇಬಲ್‌ನ ಸಾಲುಗಳಷ್ಟೇ ಇರಬೇಕು. ಒಂದು ಹೆಚ್ಚಾಗಿದ್ದರೂ ಎಲ್ಲೋ ಎರಡೆರಡು ಹೊಂದಿವೆ ಎಂದರ್ಥ. ಹಾಲಿನ ಒಟ್ಟು ಲೀಟರ್ ಅನ್ನು ಜಾಯಿನ್ ಇಲ್ಲದೆ ಹಾಲಿನ ಟೇಬಲ್‌ನಿಂದಲೇ ಒಮ್ಮೆ ಕೂಡಿ ತಾಳೆ ನೋಡುವುದನ್ನು ಪ್ರತಿ ಬಟವಾಡೆಗೆ ಮೊದಲು ತಪ್ಪಿಸಬಾರದು. ನಮ್ಮ 109ರಂತೆ ಸದಸ್ಯರ ಪಟ್ಟಿಯಲ್ಲಿಲ್ಲದ ಹಾಲಿದ್ದರೆ ಅದೂ ಆ ತಾಳೆಯಲ್ಲೇ ಹೊರಬೀಳುತ್ತದೆ.

ಎರಡು ಕಡೇನೂ ಖಾಲಿ ಇದೆ. ಖಾಲಿಗೆ ಖಾಲಿ ಹೊಂದಬೇಕಲ್ಲವಾ?

ನಲ್ ಎಂದರೆ ಬೆಲೆ ತಿಳಿದಿಲ್ಲ ಎಂದರ್ಥ, ಹಾಗಾಗಿ ನಲ್‌ಗೆ ನಲ್ ಸಮ ಎಂಬ ಹೋಲಿಕೆ ನಿಜವಾಗುವುದಿಲ್ಲ. ಮೊಬೈಲ್ ನಂಬರ್ ಇಲ್ಲದ ಇಬ್ಬರು ಸದಸ್ಯರು ಒಬ್ಬರೇ ಎಂದು ಯಾರೂ ಹೇಳಲಾರರು. ಹೊಂದಲೇಬೇಕಾದ ಅಪರೂಪದ ಸಂದರ್ಭಕ್ಕೆ ಪೋಸ್ಟ್‌ಗ್ರೆಸ್‌ನಲ್ಲಿ 'ಈಸ್ ನಾಟ್ ಡಿಸ್ಟಿಂಕ್ಟ್ ಫ್ರಮ್' ಇದೆ, ಮೈಎಸ್‌ಕ್ಯೂಎಲ್‌ನಲ್ಲಿ '<=>' ಚಿಹ್ನೆ ಇದೆ. ಖಾಲಿ ಪಠ್ಯ ಬೇರೆ, ನಲ್ ಬೇರೆ. ಆದರೆ ಒರೇಕಲ್ ಖಾಲಿ ಪಠ್ಯವನ್ನೂ ನಲ್ ಎಂದೇ ಪರಿಗಣಿಸುತ್ತದೆ.

## ಮುಂದಿನ ಹಂತ

ಎರಡು ಟೇಬಲ್‌ನಲ್ಲೂ 'ಕೋಲಾರ' ಅಂತಲೇ ಇದೆ, ಕಣ್ಣಿಗೆ ಒಂದೇ ಥರ ಕಾಣುತ್ತೆ. ಆದರೂ ಹೊಂದುತ್ತಿಲ್ಲ!

ಕನ್ನಡದಲ್ಲಿ ದಾಖಲೆ ಇಡುವವರು ಇದನ್ನು ತಿಳಿದಿರಲೇಬೇಕು. ಯೂನಿಕೋಡ್‌ನಲ್ಲಿ 'ಕೋ' ಎಂಬುದನ್ನು ಎರಡು ಬಗೆಯಲ್ಲಿ ಕೂಡಿಡಬಹುದು. 'ಕ'ದ ಮುಂದೆ ಓಕಾರದ ಒಂದೇ ಚಿಹ್ನೆ ಇಡುವುದು ಒಂದು ಬಗೆ. ಎಕಾರದ ಚಿಹ್ನೆ, ಊಕಾರದ ಚಿಹ್ನೆ ಮತ್ತು ದೀರ್ಘದ ಚಿಹ್ನೆ ಎಂದು ಮೂರನ್ನು ಒಂದರ ಹಿಂದೆ ಒಂದು ಇಡುವುದು ಇನ್ನೊಂದು. ಪರದೆಯ ಮೇಲೆ ಎರಡೂ ಒಂದೇ. ಆದರೆ ಮೊದಲ ಬಗೆಯ 'ಕೋಲಾರ' 5 ಸಂಕೇತಗಳ ಪದ, ಎರಡನೆಯದು 7 ಸಂಕೇತಗಳದ್ದು. ಯುಟಿಎಫ್-8ರಲ್ಲಿ ಕನ್ನಡದ ಒಂದು ಸಂಕೇತಕ್ಕೆ 3 ಬೈಟ್‌ಗಳಾದ್ದರಿಂದ ಒಂದು 15 ಬೈಟ್, ಇನ್ನೊಂದು 21 ಬೈಟ್. ಬೈಟ್‌ಗಳನ್ನೇ ಹೋಲಿಸುವ ವ್ಯವಸ್ಥೆ ಇವನ್ನು ಬೇರೆ ಬೇರೆ ಪದಗಳೆಂದೇ ತಿಳಿಯುತ್ತದೆ. ಈ, ಏ, ಐ, ಒ ಸ್ವರಚಿಹ್ನೆಗಳಿಗೂ ಇದೇ ಮಾತು ಅನ್ವಯಿಸುತ್ತದೆ. ದಾಖಲೆಯನ್ನು ಒಳಗೆ ತೆಗೆದುಕೊಳ್ಳುವಾಗಲೇ ಎನ್‌ಎಫ್‌ಸಿ ಎಂಬ ರೂಪಕ್ಕೆ ತಂದುಬಿಟ್ಟರೆ ಇವೆಲ್ಲ ಒಂದಾಗುತ್ತವೆ. ಪೋಸ್ಟ್‌ಗ್ರೆಸ್‌ನ 13ನೇ ಆವೃತ್ತಿಯಿಂದ ಇದಕ್ಕೆ 'ನಾರ್ಮಲೈಜ್' ಎಂಬ ಫಂಕ್ಷನ್ ಇದೆ.

ಎನ್‌ಎಫ್‌ಸಿಯಿಂದಲೂ ಹೋಗದ ಒಂದು ತೊಡಕು ಉಳಿಯುತ್ತದೆ. 'ವೇಮಗಲ್‌ನ' ಎಂದು ಬರೆಯುವಾಗ ಲ್ ಮತ್ತು ನ ಒತ್ತಕ್ಷರವಾಗದಂತೆ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಸೇರಿರುತ್ತದೆ. ಆ ಪದದಿಂದ ಊರಿನ ಹೆಸರನ್ನಷ್ಟೇ ಕತ್ತರಿಸಿ ಅಂಟಿಸಿದರೆ ಆ ಸಂಕೇತವೂ ಬಾಲದಲ್ಲಿ ಬಂದುಬಿಡಬಹುದು. ಟ್ರಿಮ್ ಮಾಡಿದರೂ ಹೋಗುವುದಿಲ್ಲ, ಏಕೆಂದರೆ ಟ್ರಿಮ್ ತೆಗೆಯುವುದು ಖಾಲಿ ಜಾಗವನ್ನು. ಹಾಗೆಂದು ಎಲ್ಲ ಕಡೆಯಿಂದಲೂ ಅದನ್ನು ಅಳಿಸಿದರೆ 'ರಾಜ್‌ಕುಮಾರ್' ಎಂಬುದು 'ರಾಜ್ಕುಮಾರ್' ಆಗಿ ಜನರ ಹೆಸರೇ ಕೆಡುತ್ತದೆ. ಬರೆದ ಹೆಸರನ್ನು ಹಾಗೆಯೇ ಬಿಟ್ಟು, ಹೋಲಿಕೆಗೆಂದೇ ಶುದ್ಧಮಾಡಿದ ಇನ್ನೊಂದು ಕಾಲಂ ಇಟ್ಟುಕೊಳ್ಳುವುದು ಉತ್ತಮ. ಕನ್ನಡ ಅಂಕಿ '೧೦೧' ಮತ್ತು '101' ಪಠ್ಯವಾಗಿದ್ದರೆ ಅವೂ ಹೊಂದುವುದಿಲ್ಲ. ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಯೂನಿಕೋಡ್ ಅಲ್ಲದ ಕಡತಗಳಾದರೆ ಮೊದಲು ಪರಿವರ್ತಿಸಲೇಬೇಕು.

ಸರ್ವೆ ನಂಬರ್ ಮೇಲೆ ಜಾಯಿನ್ ಮಾಡಿದರೆ ಯಾವ್ಯಾವುದೋ ಊರಿನ ಜಮೀನೆಲ್ಲ ಬರ್ತಿದೆ.

ಸರ್ವೆ ನಂಬರ್ ಊರಿಗೊಂದು ಸಾಲಾಗಿ 1ರಿಂದ ಶುರುವಾಗುತ್ತದೆ, ಆದ್ದರಿಂದ 42ನೇ ನಂಬರ್ ಬಹುಪಾಲು ಊರುಗಳಲ್ಲಿ ಇರುತ್ತದೆ. ಪಹಣಿಯಲ್ಲಿ ಒಂದು ಜಮೀನನ್ನು ಗುರುತಿಸುವುದು ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್, ಸರ್ನಾಕ್, ಹಿಸ್ಸಾ ಎಲ್ಲವೂ ಸೇರಿ. ಇವಿಷ್ಟನ್ನೂ ಆನ್‌ನಲ್ಲಿ ಆ್ಯಂಡ್‌ನಿಂದ ಕೂಡಿಸಬೇಕು. ಊರಿನ ಹೆಸರಿಗಿಂತ ಗ್ರಾಮದ ಸಂಕೇತ ಸಂಖ್ಯೆ ಮೇಲು. ಹೊಸಹಳ್ಳಿ ಎಂಬ ಹೆಸರಿನ ಊರುಗಳು ಎಷ್ಟೋ ಇವೆ.

ಹಳೆಯ ದಾಖಲೆಗಳಿದ್ದರೆ ಇನ್ನೊಂದನ್ನು ಗಮನಿಸಬೇಕು. ಚಿಕ್ಕಬಳ್ಳಾಪುರ ಜಿಲ್ಲೆ ಕೋಲಾರದಿಂದ ಬೇರೆಯಾದದ್ದು 2007ರಲ್ಲಿ. ಅದಕ್ಕೂ ಹಿಂದಿನ ಕಡತದಲ್ಲಿ ಶಿಡ್ಲಘಟ್ಟ, ಚಿಂತಾಮಣಿ, ಬಾಗೇಪಲ್ಲಿಗಳು ಕೋಲಾರ ಜಿಲ್ಲೆಯಲ್ಲಿವೆ, ಹೊಸ ಕಡತದಲ್ಲಿ ಚಿಕ್ಕಬಳ್ಳಾಪುರದಲ್ಲಿವೆ. ಜಿಲ್ಲೆಯನ್ನೂ ಸೇರಿಸಿ ಹೊಂದಿಸಿದರೆ ಆ ತಾಲ್ಲೂಕುಗಳ ಒಂದು ಸಾಲೂ ಸಿಗುವುದಿಲ್ಲ. ತುಮಕೂರಿನ ಇಂಗ್ಲಿಷ್ ಕಾಗುಣಿತ 2014ರ ನವೆಂಬರ್ 1ರಂದು ಅಧಿಕೃತವಾಗಿ ಬದಲಾದದ್ದರಿಂದ ಇಂಗ್ಲಿಷಿನಲ್ಲಿಟ್ಟ ಪಟ್ಟಿಗಳಿಗೂ ಅದೇ ಗತಿ. ಹಳೆಯ ದಾಖಲೆಯನ್ನು ತಿದ್ದಬೇಡಿ, ಅದು ಆ ಕಾಲಕ್ಕೆ ಸರಿಯಾಗಿತ್ತು. ಹಳೆಯ ಹೆಸರು, ಹೊಸ ಸಂಕೇತ ಎಂಬ ಎರಡು ಕಾಲಂಗಳ ಮೂರನೆಯ ಟೇಬಲ್ ಮಾಡಿ ಅದರ ಮೂಲಕ ಹೊಂದಿಸಿ.

ಹಾಲಿನ ದರ ತಿಂಗಳ ಮಧ್ಯ ಬದಲಾಯಿತು. ಹಾಕಿದ ದಿನದ ದರವೇ ಹೊಂದೋ ಹಾಗೆ ಮಾಡೋದು ಹೇಗೆ?

ಜಾಯಿನ್‌ನ ಷರತ್ತು ಸಮ ಚಿಹ್ನೆಯೇ ಆಗಬೇಕೆಂದಿಲ್ಲ. ದರದ ಟೇಬಲ್‌ನಲ್ಲಿ 'ಆರಂಭ' ಮತ್ತು 'ಅಂತ್ಯ' ಎಂಬ ದಿನಾಂಕಗಳನ್ನಿಟ್ಟು ಹೀಗೆ ಬರೆಯಬಹುದು:

```
ಆನ್ ಹಾಲು.ದಿನಾಂಕ >= ದರ.ಆರಂಭ
ಆ್ಯಂಡ್ ಹಾಲು.ದಿನಾಂಕ < ದರ.ಅಂತ್ಯ
```

ಬಿಟ್ವೀನ್ ಎರಡೂ ತುದಿಗಳನ್ನು ಒಳಗೊಳ್ಳುತ್ತದೆ. ಹಳೆಯ ದರದ ಅಂತ್ಯವೂ ಹೊಸ ದರದ ಆರಂಭವೂ 16ನೇ ತಾರೀಖು ಎಂದಿದ್ದರೆ, ಅಂದಿನ ಹಾಲು ಎರಡೂ ದರಗಳಿಗೆ ಹೊಂದಿ ಎರಡು ಸಲ ಲೆಕ್ಕವಾಗುತ್ತದೆ. ಈಗ ಜಾರಿಯಲ್ಲಿರುವ ದರದ ಅಂತ್ಯವನ್ನು ನಲ್ ಬಿಟ್ಟರೆ ಇಂದಿನ ಹಾಲು ಯಾವ ದರಕ್ಕೂ ಹೊಂದುವುದಿಲ್ಲ. ಅಲ್ಲಿ ಬಹಳ ಮುಂದಿನ ದಿನಾಂಕವೊಂದನ್ನು ಇಡಿ, ಇಲ್ಲವೇ 'ಆರ್ ದರ.ಅಂತ್ಯ ಈಸ್ ನಲ್' ಎಂಬುದನ್ನು ಆವರಣದೊಳಗೆ ಸೇರಿಸಿ. ಫ್ಯಾಟ್ ಮತ್ತು ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಘನಾಂಶ) ಮೇಲಿನ ದರಪಟ್ಟಿಯನ್ನು ಹೊಂದಿಸುವುದೂ ಇದೇ ರೀತಿಯಲ್ಲಿ.

ಒಬ್ಬರೇ ಎರಡು ಸದಸ್ಯ ನಂಬರ್ ತಗೊಂಡಿರೋ ಅನುಮಾನ ಇದೆ. ಒಂದೇ ಟೇಬಲ್ ಒಳಗೆ ಜಾಯಿನ್ ಆಗುತ್ತಾ?

ಆಗುತ್ತದೆ. ಸದಸ್ಯರ ಟೇಬಲ್‌ಗೆ 'ಅ' ಮತ್ತು 'ಬ' ಎಂಬ ಎರಡು ಹೆಸರು ಕೊಟ್ಟು, ಬ್ಯಾಂಕ್ ಖಾತೆ ಸಮ ಇರಬೇಕು, ಜೊತೆಗೆ ಅ.ಸಂಖ್ಯೆ < ಬ.ಸಂಖ್ಯೆ ಆಗಿರಬೇಕು ಎಂದು ಬರೆಯಿರಿ. ಎರಡನೆಯ ಷರತ್ತು ಇಲ್ಲದಿದ್ದರೆ ಪ್ರತಿ ಸದಸ್ಯರೂ ತಮಗೆ ತಾವೇ ಹೊಂದುತ್ತಾರೆ, ಪ್ರತಿ ಜೋಡಿಯೂ ಎರಡೆರಡು ಸಲ ಬರುತ್ತದೆ. ಗಂಡ ಹೆಂಡತಿ ಜಂಟಿ ಖಾತೆ ಇಟ್ಟಿರಬಹುದು, ಆದ್ದರಿಂದ ಬಂದ ಪಟ್ಟಿಯನ್ನು ವಿಚಾರಣೆಗೆ ಬಳಸಿ, ತೀರ್ಮಾನಕ್ಕಲ್ಲ.

ಒಂದು ಸಂಘದ ಲೆಕ್ಕ ಬೇಗ ಬರುತ್ತೆ. ತಾಲ್ಲೂಕಿನದ್ದೆಲ್ಲ ಸೇರಿಸಿದರೆ ಕ್ವೆರಿ ಮುಗಿಯೋದೇ ಇಲ್ಲ.

ಡೇಟಾಬೇಸ್ ಮೂರು ಬಗೆಗಳಲ್ಲಿ ಹೊಂದಿಸುತ್ತದೆ. ಒಂದರ ಪ್ರತಿ ಸಾಲಿಗೂ ಇನ್ನೊಂದರಲ್ಲಿ ಹುಡುಕುವುದು ನೆಸ್ಟೆಡ್ ಲೂಪ್. ಚಿಕ್ಕ ಟೇಬಲ್ ಅನ್ನು ಮೆಮೊರಿಯಲ್ಲಿ ಜೋಡಿಸಿಟ್ಟು ದೊಡ್ಡದನ್ನು ಒಂದೇ ಸಲ ಓದಿ ಮುಗಿಸುವುದು ಹ್ಯಾಶ್ ಜಾಯಿನ್. ಎರಡನ್ನೂ ಕ್ರಮವಾಗಿ ಇಟ್ಟುಕೊಂಡು ಒಟ್ಟಿಗೆ ಓದುತ್ತ ಹೋಗುವುದು ಮರ್ಜ್ ಜಾಯಿನ್. ಪೋಸ್ಟ್‌ಗ್ರೆಸ್‌ನಲ್ಲಿ ಮೂರೂ ಇವೆ. ಮೈಎಸ್‌ಕ್ಯೂಎಲ್‌ಗೆ ಹ್ಯಾಶ್ ಜಾಯಿನ್ ಬಂದದ್ದು 2019ರ 8.0.18ರಲ್ಲಿ. ಇಂಡೆಕ್ಸ್ (ಸಾಲುಗಳನ್ನು ಬೇಗ ಹುಡುಕಲು ಡೇಟಾಬೇಸ್ ಇಟ್ಟುಕೊಳ್ಳುವ ಸೂಚಿ) ಇಲ್ಲದ ನೆಸ್ಟೆಡ್ ಲೂಪ್‌ನಲ್ಲಿ ಎರಡೂ ಟೇಬಲ್‌ಗಳು 100 ಪಟ್ಟು ಬೆಳೆದರೆ ಹೋಲಿಕೆಗಳು 10,000 ಪಟ್ಟು ಬೆಳೆಯುತ್ತವೆ. ನಿಮ್ಮ ಕ್ವೆರಿ ಮುಗಿಯದಿರುವುದಕ್ಕೆ ಸಾಮಾನ್ಯವಾಗಿ ಇದೇ ಕಾರಣ.

ಹೊಂದಿಸುವ ಕಾಲಂಗೆ ಎರಡೂ ಕಡೆ ಇಂಡೆಕ್ಸ್ ಇದೆಯೇ ನೋಡಿ. ಒಂದು ಟೇಬಲ್‌ನ ಪ್ರತಿ ಸಾಲನ್ನೂ ಗುರುತಿಸುವ ಪ್ರೈಮರಿ ಕೀಗೆ ಅದು ತಾನಾಗಿಯೇ ಇರುತ್ತದೆ. ಇನ್ನೊಂದು ಟೇಬಲ್‌ನ ಕೀಯನ್ನು ಸೂಚಿಸುವ ಫಾರಿನ್ ಕೀ ಕಾಲಂಗೆ ಮೈಎಸ್‌ಕ್ಯೂಎಲ್‌ನಲ್ಲಿ ದತ್ತಾಂಶ ಕೂಡಿಡುವ ಇನ್ನೋಡಿಬಿ ಎಂಬ ಭಾಗ ತಾನೇ ಇಂಡೆಕ್ಸ್ ಮಾಡಿಕೊಳ್ಳುತ್ತದೆ, ಪೋಸ್ಟ್‌ಗ್ರೆಸ್ ಮಾಡುವುದಿಲ್ಲ. ಅಲ್ಲಿ ನೀವೇ ಮಾಡಬೇಕು. ಕಾಲಂ ಸುತ್ತ ಟ್ರಿಮ್‌ನಂಥ ಫಂಕ್ಷನ್ ಹಾಕಿ ಹೋಲಿಸಿದರೆ ಸಾಮಾನ್ಯ ಇಂಡೆಕ್ಸ್ ಉಪಯೋಗಕ್ಕೆ ಬರುವುದಿಲ್ಲ. ಒಂದು ಕಡೆ ಸದಸ್ಯ ಸಂಖ್ಯೆ ಅಂಕಿಯಾಗಿದ್ದು ಇನ್ನೊಂದು ಕಡೆ ಪಠ್ಯವಾಗಿದ್ದರೆ ಪೋಸ್ಟ್‌ಗ್ರೆಸ್ ತಪ್ಪೆಂದು ಹೇಳಿ ನಿಲ್ಲುತ್ತದೆ, ಮೈಎಸ್‌ಕ್ಯೂಎಲ್ ಸದ್ದಿಲ್ಲದೆ ಪರಿವರ್ತಿಸುತ್ತ ಪಠ್ಯದ ಕಾಲಂನ ಇಂಡೆಕ್ಸ್ ಅನ್ನು ಕೈಬಿಡುತ್ತದೆ. ಕ್ವೆರಿಯ ಮುಂದೆ 'ಎಕ್ಸ್‌ಪ್ಲೇನ್' ಎಂದು ಸೇರಿಸಿ ಓಡಿಸಿದರೆ ಯಾವ ಬಗೆಯ ಜಾಯಿನ್ ಆಯ್ಕೆಯಾಗಿದೆ, ಎಷ್ಟು ಸಾಲುಗಳ ಅಂದಾಜು ಇದೆ ಎಂಬುದು ಕಾಣುತ್ತದೆ. ಆ ಅಂದಾಜಿಗೂ ನಿಜಕ್ಕೂ ಬಹಳ ಅಂತರವಿದ್ದರೆ 'ಅನಲೈಜ್' ಆದೇಶ ಕೊಟ್ಟು ಅಂಕಿಅಂಶಗಳನ್ನು ಹೊಸದು ಮಾಡಿಸಿ, ಆಮೇಲೆ ಮತ್ತೊಮ್ಮೆ ಎಕ್ಸ್‌ಪ್ಲೇನ್ ನೋಡಿ.